ಲೆವೆಲ್ ಕ್ರಾಸಿಂಗ್ ಬಳಿಯ ಹಳದಿ ಯಂತ್ರಗಳು: ಒಂದೇ ಜಾಗಕ್ಕೆ ಇವು ಮತ್ತೆ ಮತ್ತೆ ಬರುವುದೇಕೆ?

ಕಂಬಿಪಕ್ಕ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಬಿಡುವಾದ ಸಂಜೆಗಳಲ್ಲಿ ಒಂದು ಲೆವೆಲ್ ಕ್ರಾಸಿಂಗ್‌ನ ಗೇಟಿನ ಹೊರಗೆ ನಿಂತು ರೈಲುಗಳನ್ನು ನೋಡುವುದು ಮೂರು ವರ್ಷಗಳಿಂದ ನನಗೆ ರೂಢಿಯಾಗಿದೆ. ಅದು ಜೋಡಿ ಮಾರ್ಗ. ಗೇಟಿನಿಂದ ಕೂಗಳತೆಯ ದೂರದಲ್ಲಿ ಮಾರ್ಗವು ಕವಲೊಡೆದು ಇನ್ನೊಂದು ದಿಕ್ಕಿಗೆ ಹೋಗುವುದರಿಂದ ಗೂಡ್ಸ್, ಪ್ಯಾಸೆಂಜರ್, ಎಕ್ಸ್‌ಪ್ರೆಸ್ ಎಲ್ಲವೂ ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಇಷ್ಟು ದಿನವೂ ನನ್ನ ಕಣ್ಣು ಎಂಜಿನ್ನಿನ ಮೇಲೆ, ಬೋಗಿಗಳ ಮೇಲೆ ಇರುತ್ತಿತ್ತೇ ಹೊರತು ಕೆಳಗಿನ ಹಳಿಯ ಮೇಲೆ ಇರಲಿಲ್ಲ. ಹಿಂದಿನ ತಿಂಗಳು ಕಂಡ ದೃಶ್ಯವೊಂದು ಆ ಅಭ್ಯಾಸವನ್ನು ಬದಲಿಸಿತು. ಅದನ್ನು ಕಂಡಂತೆಯೇ ಬರೆದು, ತಿಳಿದವರಿಂದ ವಿವರಣೆ ಕೇಳುತ್ತಿದ್ದೇನೆ.

ಮೊದಲ ದಿನ ರಾತ್ರಿ ಕೆಲಸಗಾರರು ಬಂದು, ರಸ್ತೆ ಹಳಿಯನ್ನು ದಾಟುವ ಜಾಗದಲ್ಲಿ ಹಾಸಿದ್ದ ಚಪ್ಪಡಿಗಳನ್ನೆಲ್ಲ ಎತ್ತಿ ಪಕ್ಕಕ್ಕಿಟ್ಟರು. ಮರುದಿನ ಬೆಳಕು ಹರಿಯುವ ಹೊತ್ತಿಗೆ ಉದ್ದನೆಯ ಹಳದಿ ಯಂತ್ರವೊಂದು ಬಂತು. ಅದು ಹಳಿಯನ್ನು ಅದರಡಿಯ ಅಡ್ಡತೊಲೆಗಳಾದ ಸ್ಲೀಪರ್‌ಗಳ ಸಮೇತ ತುಸು ಮೇಲಕ್ಕೆತ್ತಿ, ಕಬ್ಬಿಣದ ಬೆರಳುಗಳಂಥವನ್ನು ಜಲ್ಲಿಯೊಳಗೆ ಚುಚ್ಚಿ, ಗಡಗಡನೆ ನಡುಗಿಸಿ, ಮತ್ತೆ ಎತ್ತಿಕೊಂಡು ಒಂದೆರಡು ಸ್ಲೀಪರ್‌ಗಳಷ್ಟು ಮುಂದಕ್ಕೆ ಹೋಗುತ್ತಿತ್ತು. ಅದರ ಹಿಂದೆ ನೇಗಿಲಿನಂಥ ಫಲಕಗಳೂ ದೊಡ್ಡ ಪೊರಕೆಯೂ ಇರುವ ಇನ್ನೊಂದು ಯಂತ್ರ ಬಂತು. ಕೊನೆಯಲ್ಲಿ ಬಂದ ಮೂರನೆಯದು ಮೇಲ್ನೋಟಕ್ಕೆ ಏನನ್ನೂ ಮಾಡದೆ, ನಿಧಾನವಾಗಿ ಸಾಗುತ್ತ, ನಾನು ನಿಂತ ನೆಲವೂ ಅದುರುವಂತೆ ಹಳಿಯನ್ನು ಅಲುಗಿಸುತ್ತ ಹೋಯಿತು. ಆಮೇಲೆ ಕೆಲವು ದಿನ ಎಲ್ಲ ರೈಲುಗಳೂ ಆ ಜಾಗದಲ್ಲಿ ವೇಗ ತಗ್ಗಿಸಿ ನಡೆದವು. ಎರಡು ವಾರ ಕಳೆದ ಮೇಲೆ ಒಂದು ರಾತ್ರಿ ಇಡೀ ಹಳಿಯುದ್ದಕ್ಕೂ ಕಿಡಿಗಳನ್ನು ಚೆಲ್ಲುತ್ತ ಒಂದು ರೈಲು ಹೋಯಿತು. ಅದಾದ ಕೆಲವು ದಿನಗಳ ಮೇಲೆ, ಹಳಿಯ ಮೇಲ್ಭಾಗವನ್ನು ಒದ್ದೆ ಮಾಡುತ್ತ ಒಂದೇ ಬೋಗಿಯ ವಾಹನವೊಂದು ಹೋದದ್ದನ್ನೂ ಕಂಡೆ.

ನನ್ನ ಸಂದೇಹಗಳು ಇವು. ಆ ಮೂರು ಯಂತ್ರಗಳು ಅದೇ ಕ್ರಮದಲ್ಲಿ ಏಕೆ ಬಂದವು? ಆರು ತಿಂಗಳ ಹಿಂದೆಯೂ ಇದೇ ಜಾಗದಲ್ಲಿ ಕೆಲಸ ನಡೆದಿತ್ತು, ಗೇಟಿನಿಂದ ಆಚೆಗಿನ ನೇರ ಹಳಿಗೆ ಮಾತ್ರ ಯಾರೂ ಬಂದಂತಿಲ್ಲ. ಹಾಗಿದ್ದರೆ ಕ್ರಾಸಿಂಗ್‌ನಲ್ಲೇ ಏನು ದೋಷ? ಇನ್ನೊಂದು ಮಾತು ನನ್ನನ್ನು ತುಂಬ ಕಾಡುತ್ತಿದೆ. ರೈಲು ಬರುವಾಗ ತಾನಾಗಿ ಗಂಟೆ ಬಾರಿಸಿ ಮುಚ್ಚಿಕೊಳ್ಳುವ ಆ ಗೇಟು, ಕೆಲಸಗಾರರ ಚಿಕ್ಕ ಟ್ರಾಲಿ ಬಂದಾಗ ಮುಚ್ಚಿಕೊಳ್ಳಲೇ ಇಲ್ಲ. ಒಬ್ಬರು ಕೆಂಪು ಬಾವುಟ ಹಿಡಿದು ರಸ್ತೆಯನ್ನು ತಡೆದ ಮೇಲೆಯೇ ಅದು ದಾಟಿತು. ಇದು ಗೇಟಿನ ದೋಷವೇ? ಕೊನೆಯದಾಗಿ, ನನ್ನಂಥ ನೋಡುಗನು ಇನ್ನು ಮುಂದೆ ಏನನ್ನು ಗಮನಿಸಬೇಕು?

ಜಲ್ಲಿಸ್ಲೀಪರ್ (ಉತ್ತರ):

ನೀವು ಕಂಡದ್ದನ್ನು ಕ್ರಮ ತಪ್ಪದಂತೆ ಬರೆದಿದ್ದೀರಿ, ಆದ್ದರಿಂದ ಉತ್ತರಿಸುವುದು ಸುಲಭವಾಯಿತು. ನಾನು ಹಳಿ ನಿರ್ವಹಣೆಯಲ್ಲಿ ಬಹಳ ವರ್ಷ ದುಡಿದು ಈಗ ನಿವೃತ್ತನಾಗಿದ್ದೇನೆ. ಮೊದಲು ಕಲ್ಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಕಲ್ಲು ಅರ್ಥವಾಗದೆ ಯಂತ್ರ ಅರ್ಥವಾಗುವುದಿಲ್ಲ.

ಹಳಿಯ ಕೆಳಗೆ ಹರಡಿರುವ ಜಲ್ಲಿ ನೆಲದ ಮೇಲೆ ಸುಮ್ಮನೆ ಸುರಿದ ಕಲ್ಲಲ್ಲ. ಅದು ಗಟ್ಟಿ ಬಂಡೆಯನ್ನು ಒಡೆದು, ಸುಮಾರು 30ರಿಂದ 60 ಮಿಲಿಮೀಟರ್ ಗಾತ್ರಕ್ಕೆ ಜರಡಿ ಹಿಡಿದು ತಂದ, ಚೂಪಾದ ಅಂಚುಗಳಿರುವ ಕಲ್ಲು. ಹೊಳೆಯ ನುಣುಪು ಕಲ್ಲು ಇಲ್ಲಿ ಕೆಲಸಕ್ಕೆ ಬರುವುದಿಲ್ಲ, ಅದು ಒಂದರ ಮೇಲೊಂದು ಜಾರುತ್ತದೆ. ಅಂಚಿರುವ ಕಲ್ಲುಗಳು ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ, ಭಾರವನ್ನು ನೆಲಕ್ಕೆ ಹರಡುತ್ತವೆ, ಮಳೆನೀರನ್ನು ಕೆಳಗೆ ಬಿಡುತ್ತವೆ, ಸ್ಲೀಪರ್ ಅಕ್ಕಪಕ್ಕಕ್ಕೆ ಸರಿಯದಂತೆ ತಡೆಯುತ್ತವೆ. ಆದರೆ ಪ್ರತಿಯೊಂದು ಗಾಲಿ ಮೇಲೆ ಹಾದುಹೋದಾಗಲೂ ಈ ಕಲ್ಲುಗಳು ಕೂದಲೆಳೆಯಷ್ಟು ಅಲುಗುತ್ತವೆ, ಸವೆಯುತ್ತವೆ, ಕೆಳಗಿಳಿಯುತ್ತವೆ. ಎಲ್ಲ ಕಡೆಯೂ ಒಂದೇ ಸಮನಾಗಿ ಇಳಿದಿದ್ದರೆ ತೊಂದರೆ ಇರಲಿಲ್ಲ. ಒಂದು ಸ್ಲೀಪರ್‌ನ ಕೆಳಗೆ ಹೆಚ್ಚು, ಪಕ್ಕದ್ದರ ಕೆಳಗೆ ಕಡಿಮೆ, ಎಡ ಹಳಿಯ ಕೆಳಗೆ ಒಂದು ಬಗೆ, ಬಲ ಹಳಿಯ ಕೆಳಗೆ ಇನ್ನೊಂದು ಬಗೆ ಇಳಿಯುವುದರಿಂದಲೇ ಹಳಿಯಲ್ಲಿ ತಗ್ಗು, ಓರೆ, ತಿರುಚು ಹುಟ್ಟುತ್ತವೆ. ಇವುಗಳಲ್ಲಿ ತಿರುಚು ಅತ್ಯಂತ ಅಪಾಯಕಾರಿ. ಒಂದು ಬೋಗಿಯ ನಾಲ್ಕು ಮೂಲೆಯ ಗಾಲಿಗಳು ಒಂದೇ ಸಮತಲದಲ್ಲಿ ಕೂರಲಾಗದೆ, ಒಂದು ಗಾಲಿಯ ಮೇಲಿನ ಭಾರ ಕಡಿಮೆಯಾದರೆ, ಅದು ಹಳಿಯನ್ನು ಏರಿಬಿಡುವ ಸಂಭವವಿರುತ್ತದೆ.

ಯಂತ್ರಗಳಿಲ್ಲದ ಕಾಲದಲ್ಲಿ ಈ ತಗ್ಗುಗಳನ್ನು ಗ್ಯಾಂಗ್‌ನವರು ಕೈಯಿಂದಲೇ ಸರಿಪಡಿಸುತ್ತಿದ್ದರು. ಹಾರೆಯಿಂದ ಹಳಿಯನ್ನು ಎತ್ತಿ ಹಿಡಿದು, ನಾಲ್ವರು ಸ್ಲೀಪರ್‌ನ ಎರಡೂ ಬದಿಯಲ್ಲಿ ನಿಂತು, ಬೀಟರ್ ಎಂಬ ಬಡಿಯುವ ಸಲಕರಣೆಯಿಂದ ಲಯ ತಪ್ಪದಂತೆ ಜಲ್ಲಿಯನ್ನು ಸ್ಲೀಪರ್‌ನ ಅಡಿಗೆ ಬಡಿದು ಕೂರಿಸುತ್ತಿದ್ದರು. ನಾನು ಸೇರಿದ ಹೊಸದರಲ್ಲಿ ಆ ಕೆಲಸವನ್ನು ಮಾಡಿದ್ದೇನೆ. ಒಂದು ಸ್ಲೀಪರ್ ಸರಿಯಾಗಿ ಕೂತಿದೆಯೇ ಎಂಬುದು ಬೀಟರ್‌ನ ಸದ್ದಿನಲ್ಲೇ ತಿಳಿಯುತ್ತಿತ್ತು. ನೀವು ಕಂಡ ಮೊದಲನೆಯ ಯಂತ್ರ, ಅಂದರೆ ಟ್ಯಾಂಪಿಂಗ್ ಯಂತ್ರ, ಇದೇ ಕೆಲಸವನ್ನು ಮಾಡುತ್ತದೆ. ನೀವು ಬೆರಳು ಎಂದದ್ದಕ್ಕೆ ಟೈನ್ ಎನ್ನುತ್ತಾರೆ. ಅವು ಸ್ಲೀಪರ್‌ನ ಎರಡೂ ಪಕ್ಕದಲ್ಲಿ ಜೋಡಿಯಾಗಿ ಇಳಿದು, ಸೆಕೆಂಡಿಗೆ ಸುಮಾರು 35 ಬಾರಿ ಕಂಪಿಸುತ್ತ, ಒಂದರತ್ತ ಇನ್ನೊಂದು ಹಿಂಡಿಕೊಂಡು, ಸ್ಲೀಪರ್‌ನ ಅಡಿಯ ಖಾಲಿ ಜಾಗಕ್ಕೆ ಕಲ್ಲನ್ನು ತಳ್ಳುತ್ತವೆ. ಕಂಪನವಿಲ್ಲದೆ ಬರಿಯ ಬಲದಿಂದ ಹಿಂಡಿದರೆ ಕಲ್ಲು ಒಡೆಯುತ್ತದೆ. ಕಂಪಿಸಿದಾಗ ಅದು ತುಸು ಹೊತ್ತು ಹರಿಯುವ ಪದಾರ್ಥದಂತಾಗಿ, ಜಾಗ ಹುಡುಕಿಕೊಂಡು ಕೂರುತ್ತದೆ. 1953ರಲ್ಲಿ ಆಸ್ಟ್ರಿಯಾದ ಲಿಂಟ್ಸ್ ನಗರದಲ್ಲಿ ಆರಂಭವಾದ ಪ್ಲಾಸರ್ ಮತ್ತು ಟೊಯರರ್ ಕಂಪನಿಯ ಇಂಥ ಯಂತ್ರಗಳು ಇಂದು ಹಲವಾರು ದೇಶಗಳ ಹಳಿಗಳ ಮೇಲೆ ಕಾಣುತ್ತವೆ. ಒಂದೇ ಬಾರಿಗೆ ಎರಡು, ಮೂರು, ನಾಲ್ಕು ಸ್ಲೀಪರ್‌ಗಳನ್ನು ಪ್ಯಾಕ್ ಮಾಡುವ ಮಾದರಿಗಳೂ ಇವೆ. ಇನ್ನೂ ಒಂದು ಬಗೆಯದರಲ್ಲಿ ಇಡೀ ಯಂತ್ರ ನಿಲ್ಲದೆ ನಡೆಯುತ್ತಲೇ ಇರುತ್ತದೆ, ಒಳಗಿನ ಟೈನ್‌ಗಳ ಚೌಕಟ್ಟು ಮಾತ್ರ ನಿಂತು, ಕೆಲಸ ಮುಗಿಸಿ, ಮುಂದಕ್ಕೆ ಜಿಗಿಯುತ್ತದೆ. ಮುಂದಿನ ಸಲ ಇದನ್ನು ಗಮನಿಸಿ.

ಹಳಿಯನ್ನು ಎಷ್ಟು ಎತ್ತಬೇಕು, ಎಷ್ಟು ಪಕ್ಕಕ್ಕೆ ಸರಿಸಬೇಕು ಎಂಬುದನ್ನು ಯಂತ್ರವು ಅಂದಾಜಿನಿಂದ ಮಾಡುವುದಿಲ್ಲ. ಮುಂದೆ, ನಡುವೆ, ಹಿಂದೆ ಅಳತೆಯ ಚಿಕ್ಕ ಗಾಲಿಗಳಿದ್ದು, ಅವುಗಳ ನಡುವೆ ಬಿಗಿದ ತಂತಿಯನ್ನೋ ಬೆಳಕಿನ ಗೆರೆಯನ್ನೋ ಆಧಾರವಾಗಿಟ್ಟುಕೊಂಡು ನಡುವಿನ ಬಿಂದು ಎಷ್ಟು ತಪ್ಪಿದೆ ಎಂದು ಲೆಕ್ಕ ಹಾಕುತ್ತದೆ. ದಾರವನ್ನು ಬಿಗಿಹಿಡಿದು ಗೋಡೆಯ ಓರೆಯನ್ನು ನೋಡುವ ಗಾರೆ ಕೆಲಸದವರ ರೀತಿಯೇ ಇದು.

ಟ್ಯಾಂಪಿಂಗ್ ಮುಗಿದಾಗ ಸ್ಲೀಪರ್‌ಗಳ ನಡುವೆ ಟೈನ್ ಇಳಿದ ಜಾಗಗಳು ಗುಂಡಿಯಾಗಿರುತ್ತವೆ, ಹಳಿಯ ಬದಿಯ ಜಲ್ಲಿ ಚದುರಿರುತ್ತದೆ. ಎರಡನೆಯ ಯಂತ್ರ ತನ್ನ ಫಲಕಗಳಿಂದ ಬದಿಯ ಕಲ್ಲನ್ನು ಒಳಕ್ಕೆ ತಂದು, ಸ್ಲೀಪರ್‌ನ ತುದಿಯಲ್ಲಿ ಭುಜದಂತೆ ಏರಿಸಿ, ಮೇಲುಳಿದದ್ದನ್ನು ಪೊರಕೆಯಿಂದ ಗುಡಿಸುತ್ತದೆ.

ಮೂರನೆಯದು ಏನೂ ಮಾಡಲಿಲ್ಲ ಎಂದು ನಿಮಗೆ ಅನಿಸಿದ್ದು ಸಹಜ, ಆದರೆ ನನ್ನ ಅಭಿಪ್ರಾಯದಲ್ಲಿ ಆ ದಿನದ ಕೆಲಸಕ್ಕೆ ಭದ್ರತೆ ತಂದದ್ದು ಅದೇ. ಟ್ಯಾಂಪಿಂಗ್ ಆದ ಹಳಿ ನೋಡಲು ನೇರವಾಗಿದ್ದರೂ ಅದರ ಕೆಳಗಿನ ಕಲ್ಲು ಸಡಿಲವಾಗಿರುತ್ತದೆ, ಹಳಿಯನ್ನು ಅಕ್ಕಪಕ್ಕಕ್ಕೆ ಹಿಡಿದಿಡುವ ಶಕ್ತಿ ಆ ಹೊತ್ತಿಗೆ ಗಣನೀಯವಾಗಿ ಕುಗ್ಗಿರುತ್ತದೆ. ಬೆಸುಗೆ ಹಾಕಿದ ಉದ್ದನೆಯ ಹಳಿಯಲ್ಲಿ ಇದು ದೊಡ್ಡ ಸಂಗತಿ. ಒಂದು ಕಿಲೋಮೀಟರ್ ಉದ್ದದ ಉಕ್ಕಿನ ಹಳಿಯನ್ನು ಯಾರೂ ಹಿಡಿಯದೆ ಬಿಟ್ಟಿದ್ದರೆ, 30 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದಾಗ ಅದು ಸುಮಾರು 34 ಸೆಂಟಿಮೀಟರ್ ಹಿಗ್ಗುತ್ತಿತ್ತು. ಸ್ಲೀಪರ್ ಮತ್ತು ಜಲ್ಲಿ ಬಿಗಿಯಾಗಿ ಹಿಡಿದಿರುವುದರಿಂದ ಅದು ಹಿಗ್ಗಲಾರದೆ, ಆ ಒತ್ತಡವನ್ನೆಲ್ಲ ತನ್ನೊಳಗೇ ಇಟ್ಟುಕೊಂಡು ನಿಂತಿರುತ್ತದೆ. ಕಲ್ಲಿನ ಹಿಡಿತ ಸಡಿಲವಾದ ಜಾಗದಲ್ಲಿ ಬಿಸಿಲಿನ ಹೊತ್ತು ಆ ಒತ್ತಡ ಪಕ್ಕಕ್ಕೆ ಸಿಡಿದರೆ ಹಳಿ ಹಾವಿನಂತೆ ಡೊಂಕಾಗುತ್ತದೆ. ಆದ್ದರಿಂದಲೇ ಮೂರನೆಯ ಯಂತ್ರ ಹಳಿಯನ್ನು ಮೇಲಿನಿಂದ ಒತ್ತಿ ಹಿಡಿದು, ಅಡ್ಡಡ್ಡವಾಗಿ ಕಂಪಿಸಿ, ಅನೇಕ ದಿನಗಳ ರೈಲು ಸಂಚಾರ ಮಾಡಬೇಕಾದ ಕೆಲಸವನ್ನು ಒಂದೇ ಓಟದಲ್ಲಿ ಮಾಡಿ, ಕಲ್ಲನ್ನು ಕೂರಿಸುತ್ತದೆ. ಅಷ್ಟಾದ ಮೇಲೂ ಉಳಿಯುವ ಸಡಿಲಿಕೆಗಾಗಿ ಕೆಲವು ದಿನ ವೇಗ ತಗ್ಗಿಸುತ್ತಾರೆ. ನೀವು ಕಂಡ ನಿಧಾನ ಓಟಕ್ಕೆ ಕಾರಣ ಇದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಕ್ರಾಸಿಂಗ್‌ನಲ್ಲಿ ಯಾರೋ ಮಾಡಿದ ದೋಷವಿಲ್ಲ, ಕ್ರಾಸಿಂಗ್ ಎಂಬ ಜಾಗವೇ ಹಳಿಗೆ ಕಷ್ಟದ ಜಾಗ. ರಸ್ತೆಯ ಚಪ್ಪಡಿಗಳು ಜಲ್ಲಿಯನ್ನು ಮುಚ್ಚಿರುವುದರಿಂದ ಅದನ್ನು ಕಣ್ಣಿನಿಂದ ನೋಡಲಾಗದು, ಚಪ್ಪಡಿ ತೆಗೆಯದೆ ಟೈನ್ ಇಳಿಸಲಾಗದು. ವಾಹನಗಳ ಟೈರು ತಂದ ಮಣ್ಣು, ರಸ್ತೆಯಿಂದ ಹರಿದುಬಂದ ನೀರು ಎರಡೂ ಕಲ್ಲಿನ ಸಂದಿಗೆ ಇಳಿದು ಕೆಸರಾಗುತ್ತವೆ. ಕೆಸರು ತುಂಬಿದ ಜಲ್ಲಿ ನೀರನ್ನು ಬಿಡುವುದಿಲ್ಲ, ಕಲ್ಲುಗಳು ಒಂದನ್ನೊಂದು ಹಿಡಿಯುವುದೂ ಇಲ್ಲ. ರೈಲಿನ ಭಾರ ಬಿದ್ದಾಗಲೆಲ್ಲ ಸ್ಲೀಪರ್ ಪಂಪಿನಂತೆ ಆ ಕೆಸರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಇದರ ಜೊತೆಗೆ ರಸ್ತೆಯ ಹಾಸು ಇರುವಲ್ಲಿ ಹಳಿ ಬಿಗಿಯಾಗಿಯೂ ಅದರ ಹೊರಗೆ ಮೆದುವಾಗಿಯೂ ಇರುವುದರಿಂದ, ಗಾಲಿ ಮೆದುವಿನಿಂದ ಬಿಗಿಗೆ ಏರುವ ಅಂಚಿನಲ್ಲಿ ಪ್ರತಿ ಸಲವೂ ಒಂದು ಪೆಟ್ಟು ಬೀಳುತ್ತದೆ. ಸೇತುವೆಯ ಎರಡೂ ತುದಿಗಳಲ್ಲಿ ಆಗುವುದೂ ಇದೇ. ನಿಮ್ಮ ಗೇಟಿನ ಆಚೆಗಿನ ನೇರ ಹಳಿ ಅದೇ ರೈಲುಗಳನ್ನು ಹೊತ್ತರೂ ಈ ಪೆಟ್ಟನ್ನು ತಿನ್ನುವುದಿಲ್ಲ. ನೀವು ರೈಲು ನೋಡಲು ಆರಿಸಿಕೊಂಡಿರುವುದು ಹಳಿಗೆ ಹೆಚ್ಚು ಆರೈಕೆ ಬೇಕಾದ ಸ್ಥಳವನ್ನೇ, ಅದಕ್ಕಾಗಿ ನಿಮ್ಮನ್ನು ಅಭಿನಂದಿಸುತ್ತೇನೆ.

ಕೆಂಪುದೀಪ (ಉತ್ತರ):

ಮೇಲಿನ ವಿವರಣೆಗೆ ನಾನು ಸೇರಿಸಬೇಕಾದದ್ದು ಗೇಟಿನ ವಿಷಯವೊಂದೇ. ಅದನ್ನು ತುಸು ಗಂಭೀರವಾಗಿ ಹೇಳಬೇಕಾಗಿದೆ.

ನೀವು ಕಂಡದ್ದು ಗೇಟಿನ ದೋಷವಲ್ಲ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ರೂಪಿಸಿದ, ಹಳಿಯ ಮೇಲೆ ರೈಲು ಇದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕಿಟ್ ಇಂದಿಗೂ ಬಹಳ ಕಡೆ ಬಳಕೆಯಲ್ಲಿದೆ. ಹಳಿಯನ್ನು ಭಾಗಗಳಾಗಿ ವಿಂಗಡಿಸಿ, ಒಂದು ತುದಿಯಿಂದ ಕಡಿಮೆ ವೋಲ್ಟೇಜಿನ ವಿದ್ಯುತ್ತನ್ನು ಎರಡು ಹಳಿಗಳಿಗೆ ಕೊಟ್ಟು, ಇನ್ನೊಂದು ತುದಿಯಲ್ಲಿ ರಿಲೇ ಎಂಬ, ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚನ್ನು ಇಟ್ಟಿರುತ್ತಾರೆ. ಹಳಿ ಖಾಲಿಯಿದ್ದಾಗ ವಿದ್ಯುತ್ತು ರಿಲೇಯನ್ನು ತಲುಪಿ ಅದನ್ನು ಎತ್ತಿ ಹಿಡಿಯುತ್ತದೆ. ರೈಲು ಬಂದಾಗ ಅದರ ಗಾಲಿಗಳೂ ಅಚ್ಚುಗಳೂ ಎರಡು ಹಳಿಗಳನ್ನು ಅಡ್ಡಲಾಗಿ ಜೋಡಿಸುವುದರಿಂದ ವಿದ್ಯುತ್ತು ಅಲ್ಲಿಯೇ ಹಿಂದಿರುಗುತ್ತದೆ, ರಿಲೇ ಬಿದ್ದುಹೋಗುತ್ತದೆ, ಸಿಗ್ನಲ್ ಕೆಂಪಾಗುತ್ತದೆ, ಗೇಟು ಮುಚ್ಚುತ್ತದೆ. ತಂತಿ ಕಡಿದರೂ ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆಯೇ ಹೊರತು ಏಳುವುದಿಲ್ಲ. ಕೆಟ್ಟಾಗ ಸುರಕ್ಷತೆಯ ಕಡೆಗೇ ವಾಲಬೇಕೆಂಬ ಈ ಗುಣಕ್ಕಾಗಿಯೇ ಒಂದೂವರೆ ಶತಮಾನ ಕಳೆದರೂ ಅದನ್ನು ಕೈಬಿಟ್ಟಿಲ್ಲ. ಗಾಲಿಗಳನ್ನು ಎಣಿಸಿ ಲೆಕ್ಕ ಇಡುವ ಆಕ್ಸಲ್ ಕೌಂಟರ್ ಎಂಬ ಬೇರೊಂದು ವ್ಯವಸ್ಥೆಯೂ ಇದೆ.

ಆದರೆ ಕೆಲಸಗಾರರ ಚಿಕ್ಕ ಟ್ರಾಲಿಗಳ ಗಾಲಿಗಳನ್ನು ಸಿಗ್ನಲ್‌ಗಳು ಕಾರಣವಿಲ್ಲದೆ ಬದಲಾಗದಿರಲೆಂದು ಅನೇಕ ಕಡೆ ವಿದ್ಯುತ್ತು ಹರಿಯದ ಹಾಗೆಯೇ ತಯಾರಿಸಿರುತ್ತಾರೆ. ತೀರ ಹಗುರವಾದ ವಾಹನಗಳು ತುಕ್ಕು ಹಿಡಿದ ಹಳಿಯ ಮೇಲೆ ಸರಿಯಾದ ಸಂಪರ್ಕವನ್ನು ಕೊಡದಿರುವುದೂ ಉಂಟು. ಹೀಗಾಗಿ ಇಂಥ ವಾಹನ ಬಂದರೆ ತಾನಾಗಿ ಮುಚ್ಚುವ ಗೇಟಿಗೆ ಅದರ ಅರಿವಾಗದಿರಬಹುದು. ಅದಕ್ಕಾಗಿಯೇ ವಾಹನವು ರಸ್ತೆಗೆ ಮೊದಲೇ ನಿಂತು, ಒಬ್ಬರು ಇಳಿದು ಬಾವುಟ ಹಿಡಿದು, ರಸ್ತೆಯ ವಾಹನಗಳು ನಿಂತದ್ದು ಖಚಿತವಾದ ಮೇಲೆ ದಾಟುತ್ತದೆ. ನೀವು ಕಂಡ ಕೆಲಸಗಾರರು ಮಾಡಬೇಕಾದದ್ದನ್ನೇ ಮಾಡಿದ್ದಾರೆ. ನೋಡುಗರು ಇದರಿಂದ ತಿಳಿಯಬೇಕಾದದ್ದು, ಗೇಟು ತೆರೆದಿದೆ ಎಂದ ಮಾತ್ರಕ್ಕೆ ಹಳಿ ಖಾಲಿಯಿದೆ ಎಂದಲ್ಲ. ಹಳಿಯನ್ನು ದಾಟುವಾಗ ಗೇಟು ಮೇಲೆದ್ದಿದ್ದರೂ ಎರಡೂ ಕಡೆ ನೋಡಿಯೇ ದಾಟಬೇಕು.

ಜೋಡಿ ಮಾರ್ಗವೆಂದು ಬರೆದಿದ್ದೀರಿ. ಒಂದು ರೈಲು ದಾಟಿಹೋದೊಡನೆ ಜನ ಮುನ್ನುಗ್ಗುತ್ತಾರೆ, ಆ ರೈಲಿನ ಮರೆಯಲ್ಲಿ ಎದುರು ಮಾರ್ಗದಿಂದ ಬರುತ್ತಿರುವ ಇನ್ನೊಂದು ಅವರಿಗೆ ಕಂಡಿರುವುದೇ ಇಲ್ಲ, ಮೊದಲನೆಯದರ ಸದ್ದಿನಲ್ಲಿ ಅದರ ಸದ್ದು ಕೇಳಿರುವುದೂ ಇಲ್ಲ. ನಮ್ಮತ್ತ ನೇರವಾಗಿ ಬರುವ ರೈಲಿನ ವೇಗವನ್ನು ಕಣ್ಣು ಸರಿಯಾಗಿ ಅಳೆಯಲಾರದು. ಅದೇ ವೇಗದಲ್ಲಿ ಹೋಗುವ ಚಿಕ್ಕ ವಸ್ತುವಿಗಿಂತ ದೊಡ್ಡ ವಸ್ತು ನಿಧಾನವಾಗಿ ಬರುತ್ತಿರುವಂತೆ ತೋರುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಹರ್ಷೆಲ್ ಲೀಬೊವಿಟ್ಜ್ 1985ರಲ್ಲಿ ಲೆವೆಲ್ ಕ್ರಾಸಿಂಗ್ ಅಪಘಾತಗಳ ಸಂದರ್ಭದಲ್ಲಿಯೇ ವಿವರಿಸಿದ್ದರು. ಬೋಗಿಗಳು ಹಳಿಯಿಂದ ಆಚೆಗೂ ಚಾಚಿಕೊಂಡಿರುತ್ತವೆ, ಗೂಡ್ಸ್ ರೈಲಿನಿಂದ ಬಿಗಿದ ಪಟ್ಟಿಯೋ ಹಗ್ಗವೋ ಕಳಚಿ ಹೊರಗೆ ಬೀಸುತ್ತ ಬರುವುದೂ ಉಂಟು. ನೀವು ಗೇಟಿನ ಹೊರಗೆ ನಿಲ್ಲುತ್ತೀರಿ ಎಂದು ಓದಿ ಸಮಾಧಾನವಾಯಿತು. ಹಾಗೆಯೇ ಮುಂದುವರಿಸಿ.

ಕಡೇಬೋಗಿ (ಉತ್ತರ):

ಕಿಡಿ ಚೆಲ್ಲಿದ ರೈಲಿನ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಅದು ಹಳಿಯ ಮೇಲ್ಮೈಯನ್ನು ಮಸೆಯುವ ರೈಲು. ಅದರ ಅಡಿಯಲ್ಲಿ ಹತ್ತಾರು ಮಸೆಗಲ್ಲುಗಳು ಬೇರೆ ಬೇರೆ ಕೋನದಲ್ಲಿ ತಿರುಗುತ್ತ, ಒಂದೊಂದೂ ಹಳಿಯ ತಲೆಯಿಂದ ತೆಳುವಾದ ಪದರವನ್ನು ತೆಗೆಯುತ್ತವೆ. ಉಕ್ಕಿನ ಗಾಲಿ ಮತ್ತು ಉಕ್ಕಿನ ಹಳಿ ಒಂದನ್ನೊಂದು ಮುಟ್ಟುವ ಜಾಗ ಒಂದು ಚಿಕ್ಕ ನಾಣ್ಯಕ್ಕಿಂತ ದೊಡ್ಡದಲ್ಲ. ಟನ್‌ಗಟ್ಟಲೆ ಭಾರ ಅಷ್ಟು ಚಿಕ್ಕ ಜಾಗದ ಮೇಲೆ ಲಕ್ಷಾಂತರ ಬಾರಿ ಉರುಳಿದಾಗ ಹಳಿಯ ಒಳ ಅಂಚಿನಲ್ಲಿ ಕೂದಲಿನಂಥ ಬಿರುಕುಗಳು ಹುಟ್ಟುತ್ತವೆ. ಆರಂಭದಲ್ಲೇ ಮಸೆದು ತೆಗೆದರೆ ಅವು ಅಲ್ಲಿಗೇ ಮುಗಿಯುತ್ತವೆ, ಬಿಟ್ಟರೆ ಓರೆಯಾಗಿ ಒಳಕ್ಕೆ ಇಳಿಯುತ್ತವೆ. ಬ್ರಿಟನ್ನಿನ ಹ್ಯಾಟ್‌ಫೀಲ್ಡ್ ಬಳಿ 2000ದ ಅಕ್ಟೋಬರ್ 17ರಂದು ಹಳಿ ಮುರಿದು ಎಕ್ಸ್‌ಪ್ರೆಸ್ ರೈಲು ಹಳಿ ತಪ್ಪಿ ನಾಲ್ವರು ತೀರಿಕೊಂಡದ್ದು ಇಂಥ ಬಿರುಕುಗಳಿಂದಲೇ. ಅಲ್ಲಿ ಹಳಿ 300ಕ್ಕೂ ಹೆಚ್ಚು ಚೂರುಗಳಾಗಿತ್ತು. ಆ ಕಿಡಿಗಳನ್ನು ನೋಡಿದಾಗಲೆಲ್ಲ ನನಗೆ ಆ ಚೂರುಗಳ ನೆನಪಾಗುತ್ತದೆ.

ಹಳಿಯನ್ನು ಒದ್ದೆ ಮಾಡುತ್ತ ಹೋದದ್ದು ಶಬ್ದಾತೀತ ತರಂಗಗಳಿಂದ ಹಳಿಯ ಒಳಗನ್ನು ಪರೀಕ್ಷಿಸುವ ವಾಹನ. ತರಂಗವು ಗಾಳಿಯನ್ನು ದಾಟಿ ಉಕ್ಕನ್ನು ಸೇರಲಾರದು, ನಡುವೆ ನೀರಿನ ತೆಳು ಪದರವಿದ್ದರೆ ಸಲೀಸಾಗಿ ಸೇರುತ್ತದೆ, ಅದಕ್ಕಾಗಿ ಆ ನೀರು. ತರಂಗಗಳನ್ನು ನೇರವಾಗಿಯೂ ಓರೆಯಾಗಿಯೂ ಕಳುಹಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಒಳಗಿನ ಬಿರುಕನ್ನು ಗುರುತಿಸುತ್ತಾರೆ. ಇದರ ಹಿನ್ನೆಲೆ ನೋವಿನದು. 1911ರಲ್ಲಿ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಬಳಿ ನಡೆದ ರೈಲು ದುರಂತದ ತನಿಖೆಯಲ್ಲಿ, ಹೊರಗಿನಿಂದ ಯಾವ ಗುರುತೂ ಕಾಣದ, ಹಳಿಯ ಹೊಟ್ಟೆಯಲ್ಲೇ ಬೆಳೆದ ಅಡ್ಡ ಬಿರುಕು ಪತ್ತೆಯಾಯಿತು. ಕಣ್ಣಿಗೆ ಕಾಣದ್ದನ್ನು ಕಾಣುವ ಉಪಾಯ ಬೇಕೆಂಬ ಹುಡುಕಾಟದ ಫಲವಾಗಿ, ಎಲ್ಮರ್ ಸ್ಪೆರ್ರಿ ರೂಪಿಸಿದ ಪರೀಕ್ಷಾ ವಾಹನ 1928ರಲ್ಲಿ ಹಳಿಗಿಳಿಯಿತು. ಆಗ ಅದು ಹಳಿಯಲ್ಲಿ ವಿದ್ಯುತ್ತನ್ನು ಹರಿಸಿ ಬಿರುಕನ್ನು ಹುಡುಕುತ್ತಿತ್ತು, ಶಬ್ದಾತೀತ ತರಂಗಗಳು ಬಂದದ್ದು ಆಮೇಲೆ.

ಏನನ್ನು ಗಮನಿಸಬೇಕೆಂದು ಕೇಳಿದ್ದೀರಿ. ಕಣ್ಣಿಗಿಂತ ಮೊದಲು ಕಿವಿಯನ್ನು ಬಳಸಿ ಎಂಬುದು ನನ್ನ ಸಲಹೆ. ನಿಮ್ಮ ಹತ್ತಿರ ಒಂದು ಹಳಿಜೋಡಣೆ ಇದ್ದರೆ ಪ್ರತಿ ಅಚ್ಚೂ ಅಲ್ಲಿ ಒಂದು ಸದ್ದು ಮಾಡುತ್ತದೆ. ಎರಡು ಸದ್ದು, ಕಿರಿದಾದ ಬಿಡುವು, ಮತ್ತೆ ಎರಡು ಸದ್ದು, ಆಮೇಲೆ ದೊಡ್ಡ ಬಿಡುವು ಎಂಬ ಲಯವನ್ನು ಕಣ್ಣು ಮುಚ್ಚಿ ಕೇಳಿದರೆ ಬೋಗಿಗಳನ್ನು ಎಣಿಸಬಹುದು. ಆ ಲಯದ ನಡುವೆ, ಜೋಡಣೆಗೆ ಸಂಬಂಧವಿಲ್ಲದೆ, ಒಂದೇ ಗಾಲಿಯಿಂದ ಸುತ್ತಿಗೆಯ ಪೆಟ್ಟಿನಂಥ ಸದ್ದು ಎಡೆಬಿಡದೆ ಬರುತ್ತಿದ್ದರೆ, ಆ ಗಾಲಿಯ ಅಂಚಿನಲ್ಲಿ ಚಪ್ಪಟೆಯಾದ ಜಾಗವಿದೆ ಎಂದರ್ಥ. ಬ್ರೇಕು ಬಿಗಿದಾಗ ಗಾಲಿ ತಿರುಗದೆ ಹಳಿಯ ಮೇಲೆ ಜಾರಿದರೆ ಹೀಗಾಗುತ್ತದೆ. ಗಾಲಿಯ ವ್ಯಾಸ 92 ಸೆಂಟಿಮೀಟರ್ ಇದ್ದರೆ ಅದು ಒಂದು ಸುತ್ತಿಗೆ ಸುಮಾರು 2.9 ಮೀಟರ್ ಸಾಗುತ್ತದೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಆರು ಪೆಟ್ಟುಗಳ ಹತ್ತಿರ ಕೇಳುತ್ತದೆ. ಆ ಪೆಟ್ಟೊಂದೊಂದೂ ಮೇಲೆ ಹೇಳಿದ ಜಲ್ಲಿಯ ಮೇಲೆಯೇ ಬೀಳುತ್ತದೆ ಎಂಬುದನ್ನು ಮರೆಯಬಾರದು.

ರೈಲು ದಾಟುವಾಗ ಗೇಟ್‌ಮನ್ ಇರುವ ಕಡೆ ಅವರು ಹೊರಗೆ ಬಂದು ನಿಂತು ನೋಡುವುದನ್ನು ಕಂಡಿರಬಹುದು. ಅದು ಬರಿಯ ಶಿಷ್ಟಾಚಾರವಲ್ಲ, ತಪಾಸಣೆ. ಜೋತುಬಿದ್ದ ಭಾಗ, ಹೊಗೆಯಾಡುವ ಬೇರಿಂಗ್, ಬಿಗಿದೇ ಉಳಿದ ಬ್ರೇಕಿನ ಸುಟ್ಟ ವಾಸನೆ, ಕೊನೆಯ ಬೋಗಿಯ ಗುರುತು ಅಥವಾ ಕೆಂಪು ದೀಪ, ಇವೆಲ್ಲ ಅವರ ಗಮನದಲ್ಲಿರುತ್ತವೆ. ಕೊನೆಯ ಗುರುತು ಕಂಡರೆ ರೈಲು ತುಂಡಾಗದೆ ಪೂರ್ತಿಯಾಗಿ ಬಂದಿದೆ ಎಂದು ಖಾತ್ರಿ. ನಾನು ಈ ಹೆಸರನ್ನು ಇಟ್ಟುಕೊಂಡದ್ದೂ ಅದಕ್ಕಾಗಿಯೇ.

ಹಳದಿ ಬಣ್ಣದ ಬಗ್ಗೆ ಒಂದು ಮಾತು. ಜಪಾನಿನ ಅತಿವೇಗದ ಮಾರ್ಗಗಳಲ್ಲಿ ಹಳಿಯನ್ನೂ ಮೇಲಿನ ತಂತಿಯನ್ನೂ ಅಳೆಯುತ್ತ ಓಡುವ ಹಳದಿ ರೈಲನ್ನು ಜನ ಪ್ರೀತಿಯಿಂದ ಡಾಕ್ಟರ್ ಯೆಲ್ಲೋ ಎಂದು ಕರೆಯುತ್ತಾರೆ, ಅದನ್ನು ಕಂಡವರಿಗೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆಯೂ ಅಲ್ಲಿದೆ. ಅಂಥ ಎರಡು ರೈಲುಗಳಲ್ಲಿ ಒಂದು 2025ರ ಜನವರಿಯಲ್ಲಿ ನಿವೃತ್ತವಾದಾಗ ಅದನ್ನು ಬೀಳ್ಕೊಡಲು ಜನ ಸೇರಿದ್ದರು. ಪ್ರಯಾಣಿಕರನ್ನು ಒಯ್ಯದ, ಹಳಿಯ ಆರೋಗ್ಯವನ್ನಷ್ಟೇ ನೋಡುವ ರೈಲಿಗೆ ಅಷ್ಟು ಅಕ್ಕರೆ ದೊರೆತದ್ದು ನನಗೆ ತುಂಬ ಸಂತೋಷ ಕೊಟ್ಟಿತು.

ಕಂಬಿಪಕ್ಕ (ಪ್ರಶ್ನೆ ಕೇಳಿದವರು):

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಇವನ್ನೆಲ್ಲ ಓದಿದ ಮೇಲೆ ನಿನ್ನೆ ಮತ್ತೆ ಹೋಗಿದ್ದೆ. ಗೇಟಿನ ಹೊರಗೆ ನಿಂತೇ ಬೈನಾಕ್ಯುಲರ್‌ನಿಂದ ಹಳಿಯ ಬುಡವನ್ನು ನೋಡಿದೆ. ರಸ್ತೆಯ ಹಾಸು ಮುಗಿದ ಮೇಲೆ ಮೂರನೆಯ ಮತ್ತು ನಾಲ್ಕನೆಯ ಸ್ಲೀಪರ್‌ಗಳ ಸುತ್ತಲಿನ ಕಲ್ಲು ಮಾತ್ರ ಹಿಟ್ಟು ಉದುರಿಸಿದಂತೆ ಬೆಳ್ಳಗಾಗಿದೆ. ಗೂಡ್ಸ್ ರೈಲು ಹೋಗುವಾಗ ಆ ಎರಡು ಸ್ಲೀಪರ್‌ಗಳು ಉಳಿದವುಗಳಿಗಿಂತ ಹೆಚ್ಚು ಕೆಳಗಿಳಿದು ಏಳುವುದು ಸ್ಪಷ್ಟವಾಗಿ ಕಂಡಿತು. ಕೆಲಸ ಮುಗಿದು ಒಂದೂವರೆ ತಿಂಗಳೂ ಆಗಿಲ್ಲ, ಅಷ್ಟರಲ್ಲೇ ಹೀಗಾಗುತ್ತದೆಯೇ? ಹಾಗಿದ್ದರೆ ಆ ಯಂತ್ರವನ್ನು ಇನ್ನೂ ಬೇಗ ಬೇಗ ತಂದರೆ ಸರಿಹೋಗುವುದಿಲ್ಲವೇ?

ಜಲ್ಲಿಸ್ಲೀಪರ್ (ಉತ್ತರ):

ನೀವು ಕಂಡ ಬಿಳಿ ಪುಡಿ ಕಲ್ಲಿನದೇ. ಸ್ಲೀಪರ್‌ನ ಅಡಿ ಟೊಳ್ಳಾದಾಗ ಅದು ಹಳಿಗೆ ನೇತುಬಿದ್ದಂತಿದ್ದು, ಗಾಲಿ ಬಂದಾಗ ಕಲ್ಲಿನ ಮೇಲೆ ಕುಕ್ಕುತ್ತದೆ, ಉಜ್ಜುತ್ತದೆ. ಆ ಉಜ್ಜಿದ ಪುಡಿಯೇ ಒಣ ಹವೆಯಲ್ಲಿ ಬೆಳ್ಳಗೆ ಕಾಣುತ್ತದೆ, ಮಳೆ ಬಂದಾಗ ಬೂದು ಕೆಸರಾಗುತ್ತದೆ. ಹಳಿ ಕೆಲಸದವರು ನಡೆದು ತಪಾಸಣೆ ಮಾಡುವಾಗ ಮೊದಲು ಹುಡುಕುವ ಗುರುತು ಅದು. ಅದು ಹಾಸು ಮುಗಿದ ಅಂಚಿನಲ್ಲೇ ಇರುವುದನ್ನು ನೋಡಿದರೆ ನಾನು ಮೊದಲು ಬರೆದ ಮೆದು ಮತ್ತು ಬಿಗಿ ಸೇರುವ ಜಾಗ ಅದೇ ಎಂದು ತಿಳಿಯುತ್ತದೆ.

ಬೇಗ ಬೇಗ ಟ್ಯಾಂಪಿಂಗ್ ಮಾಡಿದರೆ ಸರಿಹೋಗುವುದಿಲ್ಲ, ಬದಲಿಗೆ ಇನ್ನಷ್ಟು ಕೆಡುತ್ತದೆ. ಟೈನ್ ಇಳಿದಾಗಲೆಲ್ಲ ಕೆಲವು ಕಲ್ಲುಗಳು ಒಡೆಯುತ್ತವೆ, ಉಳಿದವುಗಳ ಅಂಚು ಸವೆಯುತ್ತದೆ. ಹೀಗೆ ಹುಟ್ಟಿದ ಪುಡಿ ಸಂದಿಗಳಲ್ಲಿ ತುಂಬಿ, ಕಲ್ಲಿನ ಹಿಡಿತ ಇನ್ನೂ ಕುಗ್ಗಿ, ಮುಂದಿನ ತಗ್ಗು ಇನ್ನೂ ಬೇಗ ಮರಳುತ್ತದೆ. ಜಲ್ಲಿಗೆ ಒಂದು ರೀತಿಯ ನೆನಪಿದೆ ಎಂದು ನಾವು ಹೇಳುತ್ತಿದ್ದೆವು, ಎತ್ತಿದ ಹಳಿ ಕೆಲವೇ ವಾರಗಳಲ್ಲಿ ತನ್ನ ಹಳೆಯ ತಗ್ಗಿಗೇ ಹಿಂದಿರುಗುತ್ತದೆ. ಈ ಕಾರಣದಿಂದಲೇ ಬ್ರಿಟನ್ನಿನಲ್ಲಿ ಬೇರೊಂದು ವಿಧಾನವನ್ನು ಬೆಳೆಸಿದರು. ಅಲ್ಲಿ ಹಳಿಯನ್ನು ಎತ್ತಿ ಹಿಡಿದು, ಸ್ಲೀಪರ್‌ನ ಅಡಿಗೆ ಚಿಕ್ಕ ಕಲ್ಲುಗಳನ್ನು ಗಾಳಿಯ ಒತ್ತಡದಿಂದ ಊದಿ ಸೇರಿಸುತ್ತಾರೆ, ಕೆಳಗೆ ಈಗಾಗಲೇ ಗಟ್ಟಿಯಾಗಿ ಕೂತಿರುವ ಕಲ್ಲನ್ನು ಕೆದಕುವುದಿಲ್ಲ.

ನಿಮ್ಮ ಕ್ರಾಸಿಂಗ್‌ನ ವಿಷಯದಲ್ಲಿ ನನ್ನ ಅಂದಾಜು, ಅಲ್ಲಿನ ಜಲ್ಲಿ ಒಳಗೆ ಮಣ್ಣಿನಿಂದ ತುಂಬಿದೆ. ಅದಕ್ಕೆ ಟ್ಯಾಂಪಿಂಗ್ ಮದ್ದಲ್ಲ. ಹಾಸನ್ನು ತೆಗೆದು, ಕೆಸರಾದ ಜಲ್ಲಿಯನ್ನು ಸ್ಲೀಪರ್‌ನ ಕೆಳಗಿನವರೆಗೂ ಅಗೆದು, ಹೊಸ ಕಲ್ಲು ತುಂಬಿ, ರಸ್ತೆಯ ನೀರು ಹಳಿಯತ್ತ ಬರದಂತೆ ಎರಡೂ ಬದಿಯಲ್ಲಿ ಚರಂಡಿ ಮಾಡಬೇಕು. ಉದ್ದನೆಯ ಮಾರ್ಗಗಳಲ್ಲಿ ಇದಕ್ಕೆಂದೇ ಜಲ್ಲಿ ಶುದ್ಧಗೊಳಿಸುವ ಯಂತ್ರವಿದೆ. ಹಳಿಯ ಅಡಿಯಲ್ಲಿ ಅಡ್ಡಲಾಗಿ ಸುತ್ತುವ ಸರಪಳಿ ಕಲ್ಲನ್ನು ಅಗೆದು ಮೇಲಕ್ಕೆ ತಂದು, ಜರಡಿ ಹಿಡಿದು, ಒಳ್ಳೆಯ ಕಲ್ಲನ್ನು ಹಿಂದಕ್ಕೆ ಹಾಕಿ, ಪುಡಿಯನ್ನು ದೂರ ಎಸೆಯುತ್ತದೆ. ಕ್ರಾಸಿಂಗ್‌ನಂಥ ಚಿಕ್ಕ ಜಾಗದಲ್ಲಿ ಸಾಮಾನ್ಯವಾಗಿ ಕೈಯಿಂದಲೋ ಚಿಕ್ಕ ಅಗೆಯುವ ಯಂತ್ರದಿಂದಲೋ ಮಾಡುತ್ತಾರೆ. ಗೂಡ್ಸ್ ರೈಲು ಹೋಗುವಾಗ ಸ್ಲೀಪರ್ ಏಳು ಬೀಳುವುದು ನಿಮಗೆ ದೂರದಿಂದಲೇ ಕಂಡಿದೆ ಎಂದ ಮೇಲೆ, ಗೇಟಿನ ಬಳಿ ಬರೆದಿರುವ ಸಂಖ್ಯೆಗೆ ಕರೆ ಮಾಡಿ, ಯಾವ ಮಾರ್ಗ, ಹಾಸಿನಿಂದ ಎಷ್ಟನೆಯ ಸ್ಲೀಪರ್, ಯಾವ ಹೊತ್ತಿಗೆ ಕಂಡದ್ದು ಎಂಬುದನ್ನು ತಿಳಿಸಿ. ಅವರಿಗೆ ಅದು ಆಗಲೇ ಗೊತ್ತಿದ್ದರೂ ತಿಳಿಸಿದ್ದರಿಂದ ನಷ್ಟವಿಲ್ಲ.

ಕಂಬಿಪಕ್ಕ (ಪ್ರಶ್ನೆ ಕೇಳಿದವರು):

ಇಂದು ಬೆಳಿಗ್ಗೆ ಕರೆ ಮಾಡಿ, ನೀವು ಹೇಳಿದಂತೆಯೇ ಎಲ್ಲವನ್ನೂ ತಿಳಿಸಿದೆ. ಅತ್ತ ಕಡೆಯವರು ಸಹನೆಯಿಂದ ಕೇಳಿ, ಸ್ಲೀಪರ್‌ಗಳ ಎಣಿಕೆಯನ್ನು ಇನ್ನೊಮ್ಮೆ ಕೇಳಿ ಬರೆದುಕೊಂಡರು. ಸಂಜೆ ಹೋದಾಗ ಆ ಎರಡು ಸ್ಲೀಪರ್‌ಗಳ ಪಕ್ಕದಲ್ಲಿ ಹಳಿಯ ಮೇಲೆ ಬಿಳಿ ಬಣ್ಣದ ಗುರುತು ಹಾಕಿರುವುದು ಕಂಡಿತು. ಚಪ್ಪಡಿಗಳನ್ನು ಎತ್ತುವ ರಾತ್ರಿ ನಾನು ಅಲ್ಲಿರುವಂತಾದರೆ, ಅಗೆದಾಗ ಒಳಗಿನ ಜಲ್ಲಿ ಹೇಗಿತ್ತು ಎಂಬುದನ್ನು ಇಲ್ಲಿಯೇ ಬರೆಯುತ್ತೇನೆ.